ಇಂಗಾಲ: ಒಲೆಯಿಂದ ಹಸುಗೂಸಿನ ನೆತ್ತರಿಗೆ

ಪ್ರೌಢಶಾಲೆಯ ರಸಾಯನಶಾಸ್ತ್ರದಲ್ಲಿ ‘ಇಂಗಾಲ’ ಎಂಬ ಪದವನ್ನು ಕಲಿತವರು ಅದನ್ನು ಪಠ್ಯಪುಸ್ತಕಕ್ಕೆಂದೇ ಹೊಸದಾಗಿ ಕಟ್ಟಿದ್ದು ಎಂದುಕೊಳ್ಳುವುದು ಸಹಜ. ಆಮ್ಲಜನಕ, ಜಲಜನಕ, ಸಾರಜನಕಗಳ ಸಾಲಿನಲ್ಲಿ ಅದು ಕೂತಿರುವುದೇ ಹಾಗೆ. ಆದರೆ ಆ ಸಾಲಿನ ಉಳಿದ ಪದಗಳೆಲ್ಲ ವಿಜ್ಞಾನದ ಜೊತೆ ಈಚೆಗೆ ಬಂದವು. ಇಂಗಾಲದ ಬೇರು ಮೂರು ಸಾವಿರ ವರ್ಷದಷ್ಟು ಹಿಂದಿದೆ. ಅಷ್ಟು ಹಳೆಯ ಪದ ಇವತ್ತು ಬಂದು ನಿಂತಿರುವ ಜಾಗಗಳಲ್ಲಿ ಒಂದು, ಹುಟ್ಟಿ ಎರಡು ದಿನವೂ ತುಂಬದ ಕೂಸಿನ ಹಿಮ್ಮಡಿಯಿಂದ ತೆಗೆದ ಕೆಲವೇ ಹನಿ ನೆತ್ತರು. ಅಲ್ಲಿ ಅದನ್ನು ತಪ್ಪಿಲ್ಲದೆ ಅಳೆಯುವುದು ಕಷ್ಟ, ಅಳೆಯದೆ ಬಿಟ್ಟರೆ ಕೆಲವು ಕೂಸುಗಳಿಗೆ ಅಪಾಯ. ಪದ ನಡೆದ ದಾರಿಯನ್ನೂ ಈ ಅಳತೆಯನ್ನೂ ಒಟ್ಟಿಗೆ ನೋಡಲು ನನಗೆ ಕಾರಣವಿದೆ. ಮೊದಲಿನಿಂದ ಇವತ್ತಿನವರೆಗೂ ಈ ಪದ ಹೇಳುತ್ತಾ ಬಂದಿರುವುದು ಒಂದೇ ಮಾತು: ಇಲ್ಲಿ ಏನೋ ಉರಿದಿದೆ.

ಮೂಲ ಸಂಸ್ಕೃತದ ‘ಅಂಗಾರ’. ಋಗ್ವೇದದಲ್ಲೇ ಸಿಗುತ್ತದೆ. ಹತ್ತನೆಯ ಮಂಡಲದ ಜೂಜುಗಾರನ ಸೂಕ್ತದಲ್ಲಿ, ದಾಳಗಳಾಗಿ ಉರುಳುವ ತಾರೆಕಾಯಿಗಳನ್ನು ಅಂಗಾರಗಳೆಂದು ಕರೆದಿದೆ. ಕೈಗೆ ಬಿಸಿ ತಾಗಿಸದೆಯೇ ಆಡುವವನನ್ನು ಸುಡುವಂಥವು ಎಂಬ ಅರ್ಥದಲ್ಲಿ. ಈ ಪದಕ್ಕೆ ದೂರದೇಶದಲ್ಲೂ ನೆಂಟರಿದ್ದಾರೆ. ರಷ್ಯನ್ನರ ‘ಊಗಲ್’, ಲಿಥುವೇನಿಯದವರ ‘ಆಂಗ್ಲಿಸ್’ ಎರಡೂ ಇದ್ದಿಲಿನ ಹೆಸರುಗಳು, ಎರಡೂ ಅಂಗಾರದ ಒಡಹುಟ್ಟುಗಳು. ಆ ನಾಡುಗಳ ವಿಜ್ಞಾನಿಗಳೂ ಮೂಲವಸ್ತುವಿಗೆ ಹೆಸರಿಡುವಾಗ ಇದೇ ಬೇರಿಗೆ ಕೈಹಾಕಿದರು: ರಷ್ಯನ್ ಭಾಷೆಯಲ್ಲಿ ಇಂಗಾಲ ‘ಉಗ್ಲೆರೋದ್’, ಲಿಥುವೇನಿಯದಲ್ಲಿ ಅದೇ ‘ಆಂಗ್ಲಿಸ್’. ಮೈಸೂರಿನ ಮಗುವೂ ಮಾಸ್ಕೋದ ಮಗುವೂ ಶಾಲೆಯಲ್ಲಿ ಈ ಮೂಲವಸ್ತುವಿಗೆ ಒಂದೇ ಬೇರಿನ ಪದ ಹೇಳುತ್ತಾರೆಂಬುದು ನನಗೆ ಪ್ರತಿಸಲವೂ ಹೊಸದಾಗಿ ಸಂತೋಷ ಕೊಡುತ್ತದೆ.

ಆದರೆ ಅಂಗಾರ ಬೆಂಕಿಯ ಯಾವ ಹಂತ? ಇದಕ್ಕೆ ಉಪನಿಷತ್ತು ಖಚಿತವಾದ ಉತ್ತರ ಕೊಡುತ್ತದೆ. ಛಾಂದೋಗ್ಯದಲ್ಲೂ ಬೃಹದಾರಣ್ಯಕದಲ್ಲೂ ಬರುವ ಪಂಚಾಗ್ನಿವಿದ್ಯೆ ಬೆಂಕಿಯನ್ನು ಐದು ಭಾಗವಾಗಿ ನೋಡುತ್ತದೆ: ಸೌದೆ, ಹೊಗೆ, ಉರಿ, ಅಂಗಾರ, ಕಿಡಿ. ಹೊಗೆ ಒಂದು, ಉರಿ ಇನ್ನೊಂದು. ಉರಿ ತಗ್ಗಿ ಕೆಂಪಗೆ ಕೂತದ್ದು ಅಂಗಾರ. ಆ ವಿದ್ಯೆಯಲ್ಲಿ ಐದು ಅಗ್ನಿಗಳನ್ನು ಹೇಳಿ, ಐದನೆಯದರಿಂದ ಗರ್ಭ ಉಂಟಾಗುತ್ತದೆ ಎಂದಿದೆ. ಹುಟ್ಟಿನ ಮಾತಿನ ನಡುವೆ ಅಂಗಾರ ಕಾಣಿಸಿಕೊಳ್ಳುವುದು ಅಲ್ಲಿಂದಲೇ. ಉರಿಯನ್ನೂ ಅಂಗಾರವನ್ನೂ ಹೀಗೆ ಬೇರೆಬೇರೆ ಎಣಿಸಿದ್ದು ಎಷ್ಟು ಸರಿಯೆಂಬುದು ರಸಾಯನಶಾಸ್ತ್ರ ಬಂದ ಮೇಲೆ ತಿಳಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಅಂಗಾರ ಇಂಗಾಲವಾದದ್ದು ಪ್ರಾಕೃತದಲ್ಲಿ. ಮೊದಲಿನ ಅಕಾರ ಇಕಾರವಾಗುವುದು, ರಕಾರ ಲಕಾರವಾಗುವುದು, ಎರಡೂ ಅಲ್ಲಿ ನಡೆದವು. ಹನ್ನೆರಡನೆಯ ಶತಮಾನದ ಹೇಮಚಂದ್ರ ತನ್ನ ಪ್ರಾಕೃತ ವ್ಯಾಕರಣದಲ್ಲಿ ಹೀಗೆ ಅಕಾರ ಬದಲಾಗುವ ಮೂರು ಪದಗಳನ್ನು ಒಂದೇ ಸೂತ್ರದಲ್ಲಿ ಕಟ್ಟಿದ್ದಾನೆ: ಪಕ್ವ, ಅಂಗಾರ, ಲಲಾಟ. ಜೈನರ ಅರ್ಧಮಾಗಧಿ ಆಗಮಗಳಲ್ಲಿ ಇಂಗಾಲ ಧಾರಾಳವಾಗಿ ಬರುತ್ತದೆ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ‘ಇಂಗಾಲಕಮ್ಮ’. ಗೃಹಸ್ಥರ ನಡತೆಯನ್ನು ಹೇಳುವ ಉವಾಸಗದಸಾಓ ಎಂಬ ಶ್ವೇತಾಂಬರ ಆಗಮದಲ್ಲಿ ಶ್ರಾವಕನು ಹಿಡಿಯಬಾರದ ಹದಿನೈದು ಕಸುಬುಗಳ ಪಟ್ಟಿಯಿದೆ. ಪಟ್ಟಿಯಲ್ಲಿ ಮೊದಲನೆಯದೇ ಇಂಗಾಲಕಮ್ಮ, ಇದ್ದಿಲು ಸುಟ್ಟು ಮಾರುವ ಬದುಕು. ಮರ ಸುಟ್ಟರೆ ಅದರೊಳಗಿನ, ಅದರ ಮೇಲಿನ ಎಷ್ಟೋ ಜೀವಗಳು ಸಾಯುತ್ತವೆಂಬ ಕರುಣೆ ಅದರ ಹಿಂದಿದೆ. ಇವತ್ತಿನ ‘ಇಂಗಾಲದ ಹೆಜ್ಜೆಗುರುತು’ ಎಂಬ ಮಾತಿಗೂ ಅದಕ್ಕೂ ನೇರ ನಂಟಿಲ್ಲ. ಆದರೂ ಉರಿಸುವುದಕ್ಕೆ ಯಾರೋ ಬೆಲೆ ತೆರುತ್ತಾರೆ ಎಂಬ ತಿಳಿವಳಿಕೆ ಈ ಪದದ ಸುತ್ತ ಬಹಳ ಹಿಂದೆಯೇ ಸೇರಿಕೊಂಡಿತ್ತು.

ಮರಾಠಿಯಲ್ಲಿ ‘ಇಂಗಳ’, ಕೊಂಕಣಿಯಲ್ಲಿ ‘ಇಂಗಳೊ’, ಸಿಂಹಳದಲ್ಲಿ ‘ಅಂಗುರು’, ಹಿಂದಿಯಲ್ಲಿ ‘ಅಂಗಾರಾ’. ಹಳಗನ್ನಡಕ್ಕೂ ‘ಇಂಗಳ’ ಬಂತು, ಕೆಂಡ ಎಂಬ ಅರ್ಥದಲ್ಲೇ. ಕೇಶಿರಾಜನಂಥ ವೈಯಾಕರಣರು ತದ್ಭವವೆಂದು ಕರೆದ ಜಾತಿಯದು. ಅಂಗಾರವೂ ತನ್ನ ತತ್ಸಮ ರೂಪದಲ್ಲಿ ನಮ್ಮ ಮನೆಗಳಲ್ಲಿ ಉಳಿದುಕೊಂಡಿತು. ಕೆಂಪು ಗ್ರಹ ಮಂಗಳನಿಗೆ ಅಂಗಾರಕನೆಂದು ಹೆಸರು. ಸಂಕಷ್ಟಹರ ಚತುರ್ಥಿ ಮಂಗಳವಾರ ಬಿದ್ದರೆ ಅದು ಅಂಗಾರಕ ಸಂಕಷ್ಟಿ. ಮಾಧ್ವರ ಹಣೆಯಲ್ಲಿ ಗೋಪೀಚಂದನದ ನಡುವೆ ಎಳೆಯುವ ಕಪ್ಪು ಗೆರೆಯೂ ಅಂಗಾರವೇ, ಅದರ ಕೆಳಗೆ ಅಕ್ಷತೆಯ ಬೊಟ್ಟು. ಕೆಂಪು ಗ್ರಹಕ್ಕೂ ಕಪ್ಪು ಗೆರೆಗೂ ಒಂದೇ ಹೆಸರು ಹೊಂದಿದ್ದು ಹೇಗೆ ಎಂದು ಕೇಳಿದರೆ, ಕೆಂಡ ಉರಿಯುವಾಗ ಕೆಂಪು, ಆರಿದ ಮೇಲೆ ಕಪ್ಪು. ಎರಡಕ್ಕೂ ಒಂದೇ ಪದ ಸಾಲುತ್ತಿತ್ತು.

ಕನ್ನಡ ಇಲ್ಲಿ ಬೇರೆ ದಾರಿ ಹಿಡಿಯಿತು. ಕೆಂಪಗಿದ್ದರೆ ನಮಗದು ಕೆಂಡ, ಆರಿ ಕಪ್ಪಾದರೆ ಇದ್ದಿಲು. ಹಾರಿದ್ದು ಕಿಡಿ, ಹಂಡೆಯ ತಳಕ್ಕೆ ಹತ್ತಿದ್ದು ಮಸಿ. ಒಲೆಯ ಕೆಲಸಕ್ಕೆ ನಮ್ಮವೇ ಪದಗಳು ಇಷ್ಟಿದ್ದುದರಿಂದ ಇಂಗಳ ಕಾವ್ಯದ ಪದವಾಗಿ ಉಳಿಯಿತು, ಮೆಲ್ಲಗೆ ಮಾತಿನಿಂದ ಜಾರಿತು. ನೆರೆಯವರ ಕಥೆ ಬೇರೆ. ತೆಲುಗರು ಇದ್ದಿಲಿಗೆ ಬೊಗ್ಗು ಎನ್ನುತ್ತಾರೆ, ಇಂಗಾಲದ ಡೈಆಕ್ಸೈಡಿಗೆ ‘ಬೊಗ್ಗುಪುಲುಸು ವಾಯುವು’ ಎಂದರು, ಇದ್ದಿಲಿನ ಹುಳಿ ಗಾಳಿ. ತಮಿಳರು ‘ಕರಿ’ ಹಿಡಿದು ‘ಕರಿಯಮಿಲ ವಾಯು’ ಮಾಡಿದರು. ಒಡಿಯಾದವರು ‘ಅಂಗಾರಕಾಮ್ಲ’ ಎಂದರು. ಕನ್ನಡದಲ್ಲಿ ವಿಜ್ಞಾನ ಬರೆಯಹೊರಟವರ ಮುಂದೆ, ಅಂದರೆ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಮೊದಲಾದವರ ಕಾಲದಲ್ಲಿ, ಇಂಥ ಆಯ್ಕೆಗಳು ದಿನಾ ಬರುತ್ತಿದ್ದವು. ಇದ್ದಿಲು ಎಂದರೆ ಅಂಗಡಿಯ ಮೂಟೆ ನೆನಪಾಗುತ್ತದೆ. ಮೂಲವಸ್ತು ಇದ್ದಿಲಲ್ಲೂ ಇದೆ, ವಜ್ರದಲ್ಲೂ ಇದೆ, ಅನ್ನದ ಅಗುಳಲ್ಲೂ ಇದೆ. ಮಾತಿನಿಂದ ಜಾರಿದ್ದ ಇಂಗಾಲ ಈ ಕೆಲಸಕ್ಕೆ ಚೆನ್ನಾಗಿ ಒದಗಿತು: ಹಳೆಯದು, ಆದರೆ ಒಲೆಯ ಮುಂದೆ ಯಾರೂ ಬಳಸದಿದ್ದುದು.

ಯುರೋಪಿನಲ್ಲಿಯೂ ನಡೆದದ್ದು ಹೀಗೆಯೇ. ಲವಾಸಿಯೆ 1772ರಲ್ಲಿ ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿ ವಜ್ರವನ್ನು ಸುಟ್ಟ. ಇದ್ದಿಲು ಸುಟ್ಟಾಗ ಬರುವ ಗಾಳಿಯೇ ಅದರಿಂದಲೂ ಬಂತು. 1787ರಲ್ಲಿ ಅವನೂ ಮೂವರು ಸಂಗಡಿಗರೂ ಸೇರಿ ರಸಾಯನಶಾಸ್ತ್ರದ ಹೊಸ ಹೆಸರುಗಳ ಪುಸ್ತಕ ತಂದಾಗ ಲ್ಯಾಟಿನ್ನಿನ ‘ಕಾರ್ಬೊ’, ಅಂದರೆ ಇದ್ದಿಲು, ‘ಕಾರ್ಬೋನ್’ ಆಯಿತು. ಆಮ್ಲಗಳಿಗೆಲ್ಲ ಮೂಲವೆಂದು ನಂಬಿ ಇನ್ನೊಂದಕ್ಕೆ ‘ಆಕ್ಸಿಜನ್’ ಎಂದು ಹೆಸರಿಟ್ಟಿದ್ದೂ ಅವನೇ. ಆ ನಂಬಿಕೆ ಸುಳ್ಳಾಯಿತು. ಹೆಸರು ಮಾತ್ರ ನಮ್ಮ ಆಮ್ಲಜನಕದವರೆಗೂ ನಡೆದು ಬಂತು. ಇಂಗಾಲ ಅರೆಬರೆ ಉರಿದಾಗ ಬರುವ ಗಾಳಿಯನ್ನು 1776ರಲ್ಲೇ ಫ್ರಾನ್ಸಿನ ಲಾಸೋನ್ ತಯಾರಿಸಿದ್ದ, ನೀಲಿಯಾಗಿ ಉರಿಯುವುದು ಕಂಡು ಜಲಜನಕವೆಂದು ಭಾವಿಸಿದ್ದ. 1800ರಲ್ಲಿ ವಿಲಿಯಂ ಕ್ರುಕ್‌ಶ್ಯಾಂಕ್ ಅದು ಇಂಗಾಲ ಮತ್ತು ಆಮ್ಲಜನಕದ ಕೂಟವೆಂದು ತೋರಿಸಿದ. ಅದೇ ಇಂಗಾಲದ ಮಾನಾಕ್ಸೈಡ್.

ಈಗ ಉಪನಿಷತ್ತಿನ ಆ ಐದು ಭಾಗಗಳಿಗೆ ಹಿಂತಿರುಗಬೇಕು. ಸೌದೆ ಚೆನ್ನಾಗಿ ಗಾಳಿಯಾಡಿ ಉರಿಯುವಾಗ ಇಂಗಾಲ ಪೂರ್ತಿ ಉರಿದು ಡೈಆಕ್ಸೈಡ್ ಆಗುತ್ತದೆ. ಉರಿ ತಗ್ಗಿ ಕೆಂಡವಾದ ಮೇಲೆ, ಆ ಡೈಆಕ್ಸೈಡ್ ಕೆಂಪಗಿನ ಇಂಗಾಲದ ಮೇಲೆ ಹಾಯುವಾಗ ಮಾನಾಕ್ಸೈಡಾಗಿ ತಿರುಗುತ್ತದೆ. ಕೆಂಡದ ಮೇಲೆ ಆಗಾಗ ಮಿನುಗುವ ನೀಲಿ ನಾಲಗೆ ಇದೇ ಅನಿಲ ಉರಿಯುವ ಗುರುತು. ಅಂದರೆ ಮಾನಾಕ್ಸೈಡು ಹೆಚ್ಚು ಹುಟ್ಟುವುದು ಹೊಗೆಯ ಹಂತ ಮುಗಿದು ಅಂಗಾರದ ಹಂತ ಬಂದಾಗ. ಹೊಗೆಯಿಲ್ಲ, ಕಣ್ಣುರಿಯಿಲ್ಲ, ವಾಸನೆಯಿಲ್ಲ. ಹೊಗೆ ಹೋಯಿತು, ಇನ್ನು ಒಳಗೆ ತರಬಹುದು ಎಂದು ಮನೆಯವರು ಅಗ್ಗಿಷ್ಟಿಕೆಯನ್ನು ಕೋಣೆಗೆ ತರುವುದು ಈ ಹೊತ್ತಿನಲ್ಲೇ. (ಅಗ್ಗಿಷ್ಟಿಕೆ ಅಂಗಾರದ ಮಗಳಲ್ಲ, ‘ಅಗ್ನಿಷ್ಠಿಕಾ’ದಿಂದ ಬಂದದ್ದು. ಹಿಂದಿಯ ಅಂಗೀಠಿ ಅದರ ತಂಗಿ.)

ಆ ಅನಿಲ ನೆತ್ತರಿಗೆ ಏನು ಮಾಡುತ್ತದೆ ಎಂಬುದು 1850ರ ದಶಕದಲ್ಲಿ ಗೊತ್ತಾಯಿತು. ಪ್ಯಾರಿಸ್ಸಿನ ಕ್ಲೋದ್ ಬರ್ನಾರ್, ಅದು ನೆತ್ತರಿನ ಕಣಗಳಿಂದ ಆಮ್ಲಜನಕವನ್ನು ಹೊರಗೆ ತಳ್ಳಿ ತಾನು ಕೂರುತ್ತದೆಂದು ತೋರಿಸಿದ. ಜರ್ಮನಿಯ ಫೆಲಿಕ್ಸ್ ಹೊಪ್ಪೆ-ಜೈಲರ್, ಹಾಗೆ ಕೂತ ನೆತ್ತರು ಕಡುಗೆಂಪಾಗಿ, ಬಹಳ ಕಾಲ ಬಣ್ಣ ಕೆಡದೆ ಉಳಿಯುವುದನ್ನು ಕಂಡ. 1864ರಲ್ಲಿ ‘ಹೀಮೋಗ್ಲೋಬಿನ್’ ಎಂಬ ಹೆಸರನ್ನೂ ಕೊಟ್ಟ. ಮಾನಾಕ್ಸೈಡಿಗೆ ಹೀಮೋಗ್ಲೋಬಿನ್ನಿನ ಮೇಲಿರುವ ಸೆಳೆತ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು. ಗಣಿಗಳ ಸ್ಫೋಟದಲ್ಲಿ ಸತ್ತವರನ್ನು ಪರೀಕ್ಷಿಸಿದ ಜಾನ್ ಸ್ಕಾಟ್ ಹಾಲ್ಡೇನ್, 1895ರಲ್ಲಿ ತಾನೇ ಆ ಅನಿಲವನ್ನು ಉಸಿರಾಡಿ, ತನ್ನ ಹೀಮೋಗ್ಲೋಬಿನ್ನಿನ ಅರ್ಧದ ಆಸುಪಾಸು ಅದರಲ್ಲಿ ಸಿಕ್ಕಿಬೀಳುವ ತನಕ ಕೂತು, ಏನೇನಾಗುತ್ತದೆಂದು ಬರೆದಿಟ್ಟ. ಅವನ ಅಳತೆ ಕಣ್ಣಳತೆ: ನೆತ್ತರನ್ನು ನೀರಲ್ಲಿ ತೆಳುಮಾಡಿ, ಕಾರ್ಮೈನ್ ಎಂಬ ಕೆಂಬಣ್ಣದ ದ್ರಾವಣ ಬೆರೆಸಿ ಎರಡು ನಳಿಕೆಗಳ ಬಣ್ಣ ಸರಿದೂಗಿಸುವುದು. ಗಣಿಗೆ ಆ ಅಳತೆ ಸಾಕಿತ್ತು.

ಮಾನಾಕ್ಸೈಡ್ ಹಿಡಿದ ಹೀಮೋಗ್ಲೋಬಿನ್ನಿಗೆ ಹೊಂದಿಕೊಂಡ ಹೆಸರು ಕಾರ್ಬಾಕ್ಸಿಹೀಮೋಗ್ಲೋಬಿನ್. ನನಗೆ ಈ ಹೆಸರಿನ ಮೇಲೆ ದೂರಿದೆ. ಸಾವಯವ ರಸಾಯನಶಾಸ್ತ್ರದಲ್ಲಿ ‘ಕಾರ್ಬಾಕ್ಸಿ’ ಎಂದರೆ ಆಮ್ಲದ ಒಂದು ಗುಂಪು, ವಿನಿಗರಿನಲ್ಲಿರುವಂಥದು. ಇಲ್ಲಿ ಆ ಗುಂಪಿನ ಸುಳಿವೂ ಇಲ್ಲ. ಇರುವುದು ಬರೀ ಒಂದು ಇಂಗಾಲ, ಒಂದು ಆಮ್ಲಜನಕ. ಡೈಆಕ್ಸೈಡನ್ನು ಹೊತ್ತ ಹೀಮೋಗ್ಲೋಬಿನ್ನಿಗೆ ‘ಕಾರ್ಬಮಿನೊ’ ಎಂಬ ಬೇರೆ ಹೆಸರಿದೆ, ಓದುವ ಮಕ್ಕಳು ಎರಡನ್ನೂ ಕಲಸಿಕೊಳ್ಳುತ್ತಾರೆ. ಕೆಲವು ವಿಜ್ಞಾನಿಗಳು ‘ಕಾರ್ಬನ್‌ಮಾನಾಕ್ಸಿಹೀಮೋಗ್ಲೋಬಿನ್’ ಎಂದೇ ಬರೆಯುತ್ತಾರೆ, ಉದ್ದವಾದರೂ ಸರಿ ಅದೇ. ಆಸ್ಪತ್ರೆಯ ವರದಿಗಳಲ್ಲಿ ಹಳೆಯದೇ ನಿಂತುಬಿಟ್ಟಿದೆ.

ಇಲ್ಲಿಯವರೆಗೆ ಇಂಗಾಲ ಹೊರಗಿನ ಒಲೆಯದು, ಗಣಿಯದು, ಉಸಿರಿನ ಜೊತೆ ಒಳಗೆ ಹೋದದ್ದು. 1949ರಲ್ಲಿ ಸ್ವೀಡನ್ನಿನ ಟೋರ್ನಿ ಹ್ಯೋಸ್ಟ್ರಾಂಡ್ ಈ ತಿಳಿವಳಿಕೆಯನ್ನು ತಿರುಗಿಸಿದ. ಬೀಡಿ ಸಿಗರೇಟು ಮುಟ್ಟದ, ಶುದ್ಧಗಾಳಿ ಉಸಿರಾಡುವ ಮನುಷ್ಯನ ದೇಹವೂ ತನ್ನಷ್ಟಕ್ಕೆ ಒಂದಿಷ್ಟು ಮಾನಾಕ್ಸೈಡನ್ನು ಹುಟ್ಟಿಸುತ್ತದೆ. ಕೆಂಪು ಕಣಗಳು ಬೇಗ ಒಡೆಯುವ ಕಾಯಿಲೆಯವರಲ್ಲಿ ಅದು ಇನ್ನೂ ಹೆಚ್ಚು. ಅದು ಹುಟ್ಟುವ ಜಾಗ ಹೀಮ್, ಕಬ್ಬಿಣವನ್ನು ನಡುವೆ ಹಿಡಿದಿಟ್ಟುಕೊಂಡ ಇಂಗಾಲ ಸಾರಜನಕಗಳ ಬಳೆ. ಕೆಂಪು ಕಣ ಮುಪ್ಪಾಗಿ ಒಡೆದಾಗ ಈ ಬಳೆಯನ್ನು ಒಂದು ಕಡೆ ಮುರಿದು ತೆರೆಯುವ ಕಿಣ್ವ ನಮ್ಮಲ್ಲಿದೆ. 1968ರಲ್ಲಿ ಟೆನ್‌ಹುನೆನ್, ಮಾರ್ವರ್, ಶ್ಮಿಡ್ ಎಂಬ ಮೂವರು ಅದನ್ನು ಗುರುತಿಸಿದರು, ‘ಹೀಮ್ ಆಕ್ಸಿಜಿನೇಸ್’ ಎಂದು. ಮುರಿಯುವ ಆ ಕೊಂಡಿಯಲ್ಲಿದ್ದ ಒಂದೇ ಒಂದು ಇಂಗಾಲ ಆಮ್ಲಜನಕದ ಜೊತೆ ಸೇರಿ ಮಾನಾಕ್ಸೈಡಾಗಿ ಹೊರಬೀಳುತ್ತದೆ. ಅರೆಬರೆ ಉರಿಯುವುದು ಎಂಬುದು ಇಲ್ಲಿ ಅಲಂಕಾರದ ಮಾತಲ್ಲ, ನಡೆಯುವುದು ಅದೇ: ಮೈಯ ಬಿಸಿಯಲ್ಲಿ, ಉರಿಯಿಲ್ಲದೆ, ಒಂದೊಂದೇ ಪರಮಾಣುವಾಗಿ.

ಉಳಿದ ಬಳೆ ಹಸಿರು ಬಣ್ಣದ ಬಿಲಿವರ್ಡಿನ್ ಆಗುತ್ತದೆ, ಅದು ಹಳದಿಯ ಬಿಲಿರುಬಿನ್ ಆಗುತ್ತದೆ. ಮೊಣಕಾಲಿಗೆ ಪೆಟ್ಟುಬಿದ್ದು ಹೆಪ್ಪುಗಟ್ಟಿದ ಕಲೆ ಮೊದಲು ನೀಲಿಗೆಂಪಾಗಿದ್ದು, ದಿನ ಕಳೆದಂತೆ ಹಸಿರಾಗಿ, ಆಮೇಲೆ ಹಳದಿಯಾಗಿ ಮಾಸುವುದನ್ನು ಕಾಣದವರಿಲ್ಲ. ಈ ಕ್ರಿಯೆಯೇ ಅಲ್ಲಿ ಚರ್ಮದಡಿ ಕಣ್ಣಿಗೆ ಕಾಣುತ್ತದೆ. ಕಾಣದೆ ಹೋಗುವುದು ಮಾನಾಕ್ಸೈಡ್ ಮಾತ್ರ. ಲೆಕ್ಕ ಕಟ್ಟುನಿಟ್ಟು: ಒಂದು ಹೀಮ್ ಮುರಿದರೆ ಒಂದು ಕಬ್ಬಿಣ, ಒಂದು ಬಿಲಿರುಬಿನ್, ಒಂದು ಮಾನಾಕ್ಸೈಡ್. ಕಬ್ಬಿಣವನ್ನು ದೇಹ ಮತ್ತೆ ಬಳಸಿಕೊಳ್ಳುತ್ತದೆ. ಬಿಲಿರುಬಿನ್ ಯಕೃತ್ತಿನ ದಾರಿ ಹಿಡಿಯಬೇಕು. ಮಾನಾಕ್ಸೈಡ್ ಹೀಮೋಗ್ಲೋಬಿನ್ನಿಗೆ ಅಂಟಿಕೊಂಡು ಶ್ವಾಸಕೋಶಕ್ಕೆ ಬಂದು ಉಸಿರಿನಲ್ಲಿ ಹೊರಗೆ ಹೋಗುತ್ತದೆ.

ಹುಟ್ಟಿದ ಕೂಸಿಗೆ ಈ ಲೆಕ್ಕ ಮುಖ್ಯವಾಗುವುದು ಕಾಮಾಲೆಯ ದೆಸೆಯಿಂದ. ದಿನ ತುಂಬಿ ಹುಟ್ಟಿದ ಕೂಸುಗಳಲ್ಲಿ ಸುಮಾರು ಶೇ. 60, ಅವಧಿಗೆ ಮುಂಚೆ ಹುಟ್ಟಿದವುಗಳಲ್ಲಿ ಸುಮಾರು ಶೇ. 80 ಮೊದಲ ವಾರದಲ್ಲಿ ಹಳದಿಯಾಗುತ್ತವೆ. ದೊಡ್ಡವರ ಕೆಂಪು ಕಣ 120 ದಿನ ಬಾಳಿದರೆ ಕೂಸಿನದು 70ರಿಂದ 90 ದಿನ. ಕೂಸು ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 8ರಿಂದ 10 ಮಿಲಿಗ್ರಾಂ ಬಿಲಿರುಬಿನ್ ಹುಟ್ಟಿಸುತ್ತದೆ, ದೊಡ್ಡವರ ಎರಡು ಪಟ್ಟಿಗಿಂತ ಹೆಚ್ಚು. ಅದನ್ನು ಸಾಗಹಾಕುವ ಯಕೃತ್ತು ಇನ್ನೂ ಎಳಸು. ಬಹುಪಾಲು ಕೂಸುಗಳಲ್ಲಿ ಇದು ತಾನಾಗಿ ಇಳಿಯುತ್ತದೆ. ಕೆಲವರಲ್ಲಿ ಮಾತ್ರ ಬಿಲಿರುಬಿನ್ ಏರುತ್ತಾ ಹೋಗಿ ಮಿದುಳಿನ ಒಳಗಿನ ಗಂಟುಗಳಿಗೆ ಇಳಿಯುತ್ತದೆ. 1904ರಲ್ಲಿ ಜರ್ಮನಿಯ ಶ್ಮೋರ್ಲ್ ಅದಕ್ಕೆ ‘ಕರ್ನಿಕ್ಟೆರಸ್’ ಎಂದು ಹೆಸರಿಟ್ಟ. ಬದುಕಿ ಉಳಿದರೂ ಆ ಮಕ್ಕಳಿಗೆ ಕಿವಿ ಕೇಳದಿರಬಹುದು, ಕೈಕಾಲು ಹಿಡಿತಕ್ಕೆ ಸಿಗದಿರಬಹುದು. ಒಮ್ಮೆ ಆದ ಹಾನಿ ಹಿಂತಿರುಗುವುದಿಲ್ಲ. ತಡೆಯುವುದು ಮಾತ್ರ ಸಾಧ್ಯ: ನೀಲಿ ಬೆಳಕಿನಡಿ ಮಲಗಿಸಿ, ಇನ್ನೂ ಏರಿದರೆ ನೆತ್ತರನ್ನೇ ಬದಲಿಸಿ.

ಯಾವ ಕೂಸು ಆ ಕೆಲವರಲ್ಲಿ ಒಂದು? ಬಿಲಿರುಬಿನ್ ಎಷ್ಟಿದೆ ಎಂದು ನೋಡಿದರೆ ಸಾಲದು. ತೊಟ್ಟಿಯಲ್ಲಿ ನೀರಿನ ಮಟ್ಟ ನೋಡಿದಂತೆ ಅದು. ನಲ್ಲಿ ಜೋರಾಗಿ ಬಿಟ್ಟಿದೆಯೋ ತೂಬು ಕಟ್ಟಿಕೊಂಡಿದೆಯೋ ಮಟ್ಟ ಹೇಳುವುದಿಲ್ಲ. ತಾಯಿಗೂ ಕೂಸಿಗೂ ಆರ್‌ಎಚ್ ಅಥವಾ ಎಬಿಓ ಗುಂಪು ಹೊಂದದೆ ಕಣಗಳು ಒಡೆಯುತ್ತಿದ್ದರೆ, ಕೂಸಿಗೆ ಜಿ6ಪಿಡಿ ಕಿಣ್ವದ ಕೊರತೆಯಿದ್ದರೆ, ಇವತ್ತಿನ ಮಟ್ಟ ತಗ್ಗಿದ್ದರೂ ನಾಳೆ ಬೆಳಗಿಗೆ ಅಪಾಯದ ಗೆರೆ ದಾಟಬಹುದು. ಮಾನಾಕ್ಸೈಡ್ ಹೇಳುವುದು ಒಳಬರುವ ವೇಗವನ್ನು. ಯಕೃತ್ತು ಎಳಸಾಗಿರುವುದರ ಹಂಗು ಅದಕ್ಕಿಲ್ಲ, ಉಸಿರಿನಲ್ಲಿ ಹೋಗುವುದರಿಂದ. ಆದ್ದರಿಂದಲೇ ಕೂಸಿನ ನೆತ್ತರಲ್ಲಿ ಅದನ್ನು ಅಳೆಯಬೇಕೆಂದು ವೈದ್ಯರು ಹಂಬಲಿಸಿದ್ದು.

ಮತ್ತು ಇಲ್ಲೇ ತೊಡಕು. ಒಲೆಯ ಹೊಗೆಗೋ ಗೀಸರಿನ ಅನಿಲಕ್ಕೋ ಸಿಕ್ಕವರ ಹೀಮೋಗ್ಲೋಬಿನ್ನಿನಲ್ಲಿ ಶೇ. 20, 30, 40 ಮಾನಾಕ್ಸೈಡ್ ಹಿಡಿದಿರುತ್ತದೆ. ಆಸ್ಪತ್ರೆಯ ಯಂತ್ರಗಳು ಹುಟ್ಟಿದ್ದು ಅದನ್ನು ಅಳೆಯಲು. ಒಂದೆರಡು ಅಂಶ ಆಚೀಚೆಯಾದರೆ ಅಲ್ಲಿ ನಷ್ಟವಿಲ್ಲ. ಕೂಸಿನ ವಿಷಯ ಹಾಗಲ್ಲ. ಆರೋಗ್ಯದ ಕೂಸಿನಲ್ಲಿ ಅದು ಶೇ. 1ರ ಒಳಗೆ. ಕಣಗಳು ಭರದಿಂದ ಒಡೆಯುತ್ತಿದ್ದರೂ ಶೇ. 2, 3ಕ್ಕೆ ಏರಬಹುದು ಅಷ್ಟೆ. ಇಡೀ ಕಥೆ ನಡೆಯುವುದು ದಶಮಾಂಶಗಳಲ್ಲಿ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರ್ ಇಲ್ಲಿ ಏನೂ ಹೇಳಲಾರದು. ಅದರ ಎರಡು ಬಣ್ಣದ ಬೆಳಕಿಗೆ ಮಾನಾಕ್ಸೈಡ್ ಹಿಡಿದ ಹೀಮೋಗ್ಲೋಬಿನ್ನೂ ಆಮ್ಲಜನಕ ಹೊತ್ತದ್ದರಂತೆಯೇ ಕಾಣುತ್ತದೆ. ಚರ್ಮದ ಮೇಲಿಂದಲೇ ಮಾನಾಕ್ಸೈಡ್ ಓದುವ ಉಪಕರಣಗಳೂ ಬಂದಿವೆ, ಆದರೆ ಮೂರು ಅಂಶದಷ್ಟು ತಪ್ಪು ತಮ್ಮ ಮಿತಿಯೆಂದು ಅವೇ ಹೇಳಿಕೊಳ್ಳುತ್ತವೆ. ಕೂಸಿನಲ್ಲಿ ನಾವು ಹುಡುಕುವುದು ಆ ತಪ್ಪಿಗಿಂತ ಸಣ್ಣದು.

ನೆತ್ತರಿನ ಮಾದರಿಯಲ್ಲಿ ಅಳೆಯುವ ಕೋ-ಆಕ್ಸಿಮೀಟರ್ ಹಲವು ಬಣ್ಣದ ಬೆಳಕನ್ನು ಹಾಯಿಸಿ, ಯಾವ್ಯಾವುದು ಎಷ್ಟೆಷ್ಟು ಹೀರಲ್ಪಟ್ಟಿತು ಎಂದು ನೋಡಿ, ಸಮೀಕರಣ ಬಿಡಿಸಿ ಉತ್ತರ ಹೇಳುತ್ತದೆ. ಆ ಸಮೀಕರಣದ ಅಂಕಿಗಳು ದೊಡ್ಡವರ ಹೀಮೋಗ್ಲೋಬಿನ್ನಿನಿಂದ ಬಂದವು. ಹುಟ್ಟಿದ ಕೂಸಿನ ಹೀಮೋಗ್ಲೋಬಿನ್ನಿನಲ್ಲಿ ಶೇ. 60ರಿಂದ 80ರಷ್ಟು ಭ್ರೂಣದ ಹೀಮೋಗ್ಲೋಬಿನ್. ಅದು ಬೇರೆಯೆಂದು 1866ರಷ್ಟು ಹಿಂದೆಯೇ ಕೆರ್ಬರ್ ಎಂಬವನಿಗೆ ಸುಳಿವು ಸಿಕ್ಕಿತ್ತು. ಕೂಸಿನ ನೆತ್ತರು ಕ್ಷಾರ ಹಾಕಿದರೂ ದೊಡ್ಡವರದರಂತೆ ಬೇಗ ಕೆಡುವುದಿಲ್ಲ ಎಂದು ಅವನು ಗಮನಿಸಿದ್ದ. ಹೀಮ್ ಎರಡರಲ್ಲೂ ಒಂದೇ. ಅದನ್ನು ಸುತ್ತಿಕೊಂಡ ಪ್ರೋಟೀನ್ ಸರಪಳಿಗಳಲ್ಲಿ ಎರಡು ಬೇರೆ, ಅಷ್ಟಕ್ಕೇ ಅದು ಬೆಳಕು ಹೀರುವ ಬಗೆ ತುಸು ಬದಲಾಗುತ್ತದೆ. ನೆದರ್‌ಲ್ಯಾಂಡಿನ ಜೈಲ್‌ಸ್ಟ್ರಾ ಮತ್ತು ಸಂಗಡಿಗರು 1991ರಲ್ಲಿ ಎರಡೂ ಬಗೆಯ ವರ್ಣಪಟಲಗಳನ್ನು ಅಕ್ಕಪಕ್ಕ ಇಟ್ಟು ಈ ವ್ಯತ್ಯಾಸವನ್ನು ಅಂಕಿಗಳಲ್ಲಿ ಕೊಟ್ಟರು. ವ್ಯತ್ಯಾಸ ಬಹಳ ಸಣ್ಣದು. ಆದರೆ ಯಂತ್ರ ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಆ ಹೆಚ್ಚುಕಡಿಮೆಯನ್ನು ಮಾನಾಕ್ಸೈಡಿನ ತಲೆಗೆ ಕಟ್ಟುತ್ತದೆ, ಇಲ್ಲದ ಇಂಗಾಲವನ್ನು ಇದೆಯೆನ್ನುತ್ತದೆ. ಹಳೆಯ ಯಂತ್ರಗಳಲ್ಲಿ ಆರೋಗ್ಯದ ಕೂಸಿಗೂ ಹಲವು ಅಂಶ ತೋರಿಸಿದ್ದು ಹೀಗೆ. ಆಮ್ಲಜನಕ ತುಂಬಿದಷ್ಟೂ ತಪ್ಪು ಹೆಚ್ಚುತ್ತಿತ್ತು. ಹೊಸ ಯಂತ್ರಗಳು ನೂರಕ್ಕೂ ಮಿಕ್ಕಿದ ಬಣ್ಣಗಳಲ್ಲಿ ನೋಡಿ ಭ್ರೂಣದ ಹೀಮೋಗ್ಲೋಬಿನ್ನಿಗೆ ತಿದ್ದುಪಡಿ ಮಾಡುತ್ತವೆ; ಆ ತಿದ್ದುಪಡಿ ಇದೆಯೇ ಎಂದು ಕೇಳದೆ ಕೂಸಿನ ಅಂಕಿಯನ್ನು ನಂಬಬಾರದು.

ಬೆಳಕನ್ನು ಬಿಟ್ಟು ಅನಿಲವನ್ನೇ ಹೊರತೆಗೆದು ಎಣಿಸಿದರೆ ಈ ಗೊಂದಲವೇ ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹೆಂಡ್ರಿಕ್ ವ್ರೆಮನ್, ಡೇವಿಡ್ ಸ್ಟೀವನ್‌ಸನ್ ಮತ್ತು ಜೊತೆಯವರು 1984ರ ಹೊತ್ತಿಗೆ ಇದನ್ನು ಮೈಕ್ರೋಲೀಟರ್ ಲೆಕ್ಕದ ನೆತ್ತರಿನಲ್ಲಿ ಮಾಡಿ ತೋರಿಸಿದರು. ಮುಚ್ಚಿದ ಪುಟ್ಟ ಸೀಸೆಯಲ್ಲಿ ನೆತ್ತರಿಗೆ ಪೊಟ್ಯಾಸಿಯಂ ಫೆರಿಸಯನೈಡ್ ಸೇರಿಸಿದರೆ ಹೀಮೋಗ್ಲೋಬಿನ್ ಮಾನಾಕ್ಸೈಡಿನ ಮೇಲಿನ ಹಿಡಿತ ಬಿಡುತ್ತದೆ. ಮೇಲೆ ನಿಂತ ಗಾಳಿಯನ್ನು ಅನಿಲ ಕ್ರೊಮಟೊಗ್ರಾಫಿನಲ್ಲಿ ಹಾಯಿಸಿ ಮಾನಾಕ್ಸೈಡನ್ನು ಬೇರೆಯಾಗಿಸಿ, ಬಿಸಿ ಮಾಡಿದ ಪಾದರಸದ ಆಕ್ಸೈಡಿನ ಮೇಲೆ ಬಿಡುತ್ತಾರೆ. ಅರೆಬರೆ ಉರಿದಿದ್ದ ಇಂಗಾಲ ಅಲ್ಲಿ ಪೂರ್ತಿ ಉರಿಯುತ್ತದೆ: ಮಾನಾಕ್ಸೈಡ್ ಡೈಆಕ್ಸೈಡ್ ಆಗುತ್ತದೆ, ಆಮ್ಲಜನಕ ಕಳೆದುಕೊಂಡ ಪಾದರಸ ಆವಿಯಾಗಿ ಮೇಲೇಳುತ್ತದೆ. ಆ ಆವಿ ಅತಿನೇರಳೆ ಬೆಳಕನ್ನು ಎಷ್ಟು ತಡೆಯುತ್ತದೆಂದು ನೋಡಿದರೆ ಮಾನಾಕ್ಸೈಡಿನ ಲೆಕ್ಕ ಸಿಕ್ಕಿತು. ಉರಿಯುವುದು ಮುಗಿಯದೆ ಉಳಿದಿದ್ದನ್ನು ಉರಿಸಿ ಮುಗಿಸಿ ಅಳೆಯುವ ಈ ಉಪಾಯ ನನಗೆ ಬಹಳ ಮೆಚ್ಚುಗೆ. ಉಳಿದ ವಿಧಾನಗಳ ನಿಜ ಸುಳ್ಳುಗಳನ್ನು ಒರೆಗೆ ಹಚ್ಚುವುದು ಇದಕ್ಕೇ. ಪ್ರತಿ ಆಸ್ಪತ್ರೆಯಲ್ಲಿ ಇಡುವಂಥ ಯಂತ್ರವಲ್ಲ ಅದು.

ಮಾದರಿಯನ್ನು ಕಾಪಾಡುವುದೂ ಅಷ್ಟೇ ಮುಖ್ಯ. ಮಾನಾಕ್ಸೈಡಿಗೂ ಹೀಮಿಗೂ ಇರುವ ಬಿಗಿ ಕಟ್ಟು ಬೆಳಕಿಗೆ ಸಡಿಲವಾಗುತ್ತದೆ. ಹಾಲ್ಡೇನ್ ಮತ್ತು ಲೊರೈನ್ ಸ್ಮಿತ್ 1890ರ ದಶಕದಲ್ಲೇ ಇದನ್ನು ಕಂಡಿದ್ದರು. ಕಾಮಾಲೆಯ ಕೂಸು ಮಲಗಿರುವುದೇ ಬೆಳಕಿನ ಚಿಕಿತ್ಸೆಯಡಿ. ಅಲ್ಲಿ ತೆಗೆದ ನೆತ್ತರನ್ನು ಮುಚ್ಚಿ, ಕತ್ತಲಲ್ಲಿ, ತಂಪಾಗಿಟ್ಟು ಕಳಿಸಬೇಕು. ನಳಿಕೆಯಲ್ಲಿ ಗಾಳಿಗೆ ಜಾಗ ಬಿಡಬಾರದು.

ಕೊನೆಗೆ ಕೂಸು ಉಸಿರಾಡಿದ ಗಾಳಿ. ಒಳಗೆ ಹುಟ್ಟಿದ ಮಾನಾಕ್ಸೈಡಿಗೂ ಹೊರಗಿನಿಂದ ಬಂದದ್ದಕ್ಕೂ ನೆತ್ತರಿನಲ್ಲಿ ಗುರುತಿನ ವ್ಯತ್ಯಾಸವಿಲ್ಲ. ತಾಯಿ ಉಸಿರಾಡಿದ್ದು ಮಾಸುಚೀಲದ ಮೂಲಕ ಕೂಸಿಗೆ ದಾಟುತ್ತದೆ. ಬಸುರಿಯಿದ್ದಾಗ ಮನೆಯಲ್ಲಿ ಯಾರಾದರೂ ಸಿಗರೇಟು ಸೇದಿದ್ದರೆ, ಚಿಮಣಿಯಿಲ್ಲದ ಒಲೆಯ ಮುಂದೆ ಅವಳು ಅಡಿಗೆ ಮಾಡಿದ್ದರೆ, ಹುಟ್ಟುವಾಗಲೇ ಕೂಸಿನ ಅಂಕಿ ಏರಿರುತ್ತದೆ. ಆಮೇಲೆ ನಮ್ಮ ಬಾಣಂತಿ ಕೋಣೆ. ಗಾಳಿ ಸೋಕಬಾರದೆಂದು ಕಿಟಕಿ ಮುಚ್ಚುವುದು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬೆನ್ನು ಕಾಯಿಸುವುದು, ಎಣ್ಣೆನೀರು ಹಾಕಿದ ಮೇಲೆ ಕೂಸಿನ ತಲೆಗೂದಲಿಗೆ ಕೆಂಡದ ಮೇಲಿನ ಸಾಂಬ್ರಾಣಿಯ ಹೊಗೆ ಕೊಡುವುದು, ಇವೆಲ್ಲ ಪ್ರೀತಿಯಿಂದ ನಡೆದು ಬಂದವು. ಹಾಗೆ ಮಾಡಿದ ಅಜ್ಜಿಯರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಮುಚ್ಚಿದ ಕೋಣೆಯ ಕೆಂಡ ಅಂಗಾರದ ಹಂತದ ಕೆಂಡ. ಅದರ ಮಾನಾಕ್ಸೈಡ್ ತಾಯಿಗೂ ಕೂಸಿಗೂ ನೇರವಾಗಿ ಹಾನಿ ಮಾಡಬಲ್ಲುದು. ಬಾಣಂತಿಗೆ ಬೆಚ್ಚಗೆ ಬೇಕಾದರೆ ಹೊದಿಕೆ ಸಾಕು, ಕೆಂಡ ಕೋಣೆಯ ಹೊರಗಿರಲಿ. ಅಳತೆಯ ದೃಷ್ಟಿಯಿಂದ ಇನ್ನೊಂದು ಮಾತು: ಅಂಥ ಕೋಣೆಯಿಂದ ಬಂದ ಕೂಸಿನ ಅಂಕಿಯಲ್ಲಿ ಒಲೆಯ ಇಂಗಾಲವೂ ನೆತ್ತರಿನ ಇಂಗಾಲವೂ ಬೆರೆತಿರುತ್ತವೆ. ಆದ್ದರಿಂದ ಕೂಸಿದ್ದ ಜಾಗದ ಗಾಳಿಯನ್ನೂ ಅಳೆದು, ಅದರ ಪಾಲನ್ನು ಕಳೆದು ಉಳಿದದ್ದನ್ನು ಬರೆಯುತ್ತಾರೆ.

ಉಸಿರಿನಲ್ಲೇ ಅಳೆಯುವ ದಾರಿಯೂ ಇದೆ. ಮೂಗಿನ ಹೊಳ್ಳೆಗೆ ತೆಳುವಾದ ನಳಿಕೆ ಇಟ್ಟು, ಪ್ರತಿ ಉಸಿರಿನ ಕೊನೆಯ ಗಾಳಿಯನ್ನು ಹೀರಿ ಮಾನಾಕ್ಸೈಡ್ ಎಣಿಸುತ್ತಾರೆ. ಸಿಗುವುದು ಹತ್ತು ಲಕ್ಷ ಭಾಗದಲ್ಲಿ ಒಂದೆರಡು ಭಾಗ. ಕೂಸನ್ನು ಚುಚ್ಚಬೇಕಿಲ್ಲ, ಭ್ರೂಣದ ಹೀಮೋಗ್ಲೋಬಿನ್ನಿನ ತೊಡಕಿಲ್ಲ. ನಮ್ಮ ಹೆಚ್ಚಿನ ಆಸ್ಪತ್ರೆಗಳಲ್ಲಿ ಮಾತ್ರ ವೈದ್ಯರು ಇವತ್ತಿಗೂ ಬಿಲಿರುಬಿನ್ ಏರುವ ವೇಗ, ತಾಯಿ ಮಗುವಿನ ನೆತ್ತರ ಗುಂಪು, ಕೂಂಬ್ಸ್ ಪರೀಕ್ಷೆ, ಜಿ6ಪಿಡಿ, ಎಳೆಯ ಕೆಂಪು ಕಣಗಳ ಎಣಿಕೆ ಇವುಗಳಿಂದಲೇ ತೀರ್ಮಾನಿಸುತ್ತಾರೆ. ಮೊದಲ 24 ಗಂಟೆಯೊಳಗೆ ಕೂಸು ಹಳದಿಯಾದರೆ ಬಿಸಿಲಿಗೆ ಹಿಡಿದು ಕಾಯುತ್ತಾ ಕೂರದೆ ಕೂಡಲೇ ತೋರಿಸಬೇಕು. ಅಷ್ಟು ಬೇಗ ಬರುವ ಹಳದಿ, ಬೇರೆ ಕಾರಣ ಗೊತ್ತಾಗುವ ತನಕ, ಕಣಗಳು ಒಡೆಯುತ್ತಿರುವುದರ ಸೂಚನೆ. ಕೂಸಿಗೆ ಆರು ತಿಂಗಳಾಗುವ ಹೊತ್ತಿಗೆ ಭ್ರೂಣದ ಹೀಮೋಗ್ಲೋಬಿನ್ ಬಹುಪಾಲು ಹೋಗಿ ದೊಡ್ಡವರದು ಬಂದಿರುತ್ತದೆ, ಆಗ ದೊಡ್ಡವರ ಯಂತ್ರವೇ ಅದಕ್ಕೂ ಹೊಂದುತ್ತದೆ. ಆದರೆ ಕಾಮಾಲೆಯ ಅಪಾಯ ಹೆಚ್ಚಿರುವುದು ಮೊದಲ ವಾರದಲ್ಲಿ, ಆ ಯಂತ್ರ ಹೊಂದದ ದಿನಗಳಲ್ಲಿ.